ಪುತ್ತೂರಿನ ಮಳೆಯಲ್ಲಿ ಸ್ಕೇಟ್‌ಬೋರ್ಡ್ ರ‍್ಯಾಂಪ್ ಬಾಳಬೇಕಾದರೆ

ಪ್ರಶ್ನೆ: ನಮ್ಮದು ಪುತ್ತೂರಿನ ಹತ್ತಿರ ತೋಟದ ಮನೆ. ಮಗಳಿಗೆ 12 ವರ್ಷ, ಎರಡು ವರ್ಷದಿಂದ ಸ್ಕೇಟ್‌ಬೋರ್ಡ್ ಆಡುತ್ತಿದ್ದಾಳೆ. ಹೋದ ವರ್ಷ ಬಡಗಿಯಿಂದ ಪ್ಲೈವುಡ್‌ನ ಸಣ್ಣ ಇಳಿಜಾರು ಮಾಡಿಸಿ ಅಂಗಳದಲ್ಲಿ ಇಟ್ಟಿದ್ದೆವು. ಆಟಿ (ತುಳು ತಿಂಗಳು, ಜುಲೈ-ಆಗಸ್ಟ್) ಕಳೆಯುವುದರೊಳಗೆ ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿತು. ಈಗ ಎರಡೂ ತುದಿಯಲ್ಲಿ ಬಾಗು ಇರುವ ಮಿನಿ ರ‍್ಯಾಂಪ್ ಬೇಕಂತೆ. ಹಿತ್ತಲಲ್ಲಿ 35 ಅಡಿ ಉದ್ದ, 14 ಅಡಿ ಅಗಲದ ಜಾಗ ಇದೆ. ಮರದಲ್ಲೇ ಮಾಡೋಣ, ಮಳೆಗೆ ಟರ್ಪಾಲು ಹೊದಿಸಿದರೆ ಆಯಿತು ಎನ್ನುತ್ತಾರೆ ಬಡಗಿ. ಅಳತೆ, ಸಾಮಾನು, ಜೋಪಾನ ಎಲ್ಲವನ್ನೂ ವಿವರವಾಗಿ ತಿಳಿಸುವಿರಾ?

ಉತ್ತರ: ಆ ಹಳೆಯ ಇಳಿಜಾರು ಯಾಕೆ ಹಾಳಾಯಿತು ಎಂಬುದರಿಂದಲೇ ಶುರು ಮಾಡಬೇಕು. ಅಂಗಡಿಯಲ್ಲಿ ‘ಕಮರ್ಷಿಯಲ್ ಪ್ಲೈ’ ಎಂದು ಕೊಡುವುದು ಸಾಮಾನ್ಯವಾಗಿ ಎಂಆರ್ (ಬರೀ ತೇವ ತಡೆಯುವ) ದರ್ಜೆಯದು. ಅದರ ಪದರಗಳನ್ನು ಹಿಡಿದಿರುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ವಾರಗಟ್ಟಲೆ ಒದ್ದೆಯಲ್ಲಿದ್ದರೆ ಮೊದಲು ಆ ಅಂಟೇ ಕೈಬಿಡುತ್ತದೆ. ಐಎಸ್ 710 (ಭಾರತೀಯ ಮಾನಕ) ಮುದ್ರೆಯ ಮರೀನ್ ಪ್ಲೈಗೆ ಫೀನಾಲಿಕ್ ಅಂಟು ಹಾಕಿರುತ್ತಾರೆ. 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು ಎಂಬುದು ಅದರ ಪರೀಕ್ಷೆ. ಹಾಗಂತ ಮರೀನ್ ಪ್ಲೈ ತಂದು ಅದೇ ಇಳಿಜಾರನ್ನು ಅದೇ ಅಂಗಳದಲ್ಲಿ ಇಟ್ಟಿದ್ದರೆ ಎರಡು ಮಳೆಗಾಲ ಬಾಳುತ್ತಿತ್ತು, ಅಷ್ಟೇ. ಅಂಟು ಗಟ್ಟಿಯಿದ್ದರೂ ಒಳಗಿರುವುದು ಮರ. ಕೊಯ್ದ ಅಂಚು ಸಾವಿರಾರು ಸಣ್ಣ ಕೊಳವೆಗಳ ಬಾಯಿ ಇದ್ದ ಹಾಗೆ, ಹಲಗೆಯ ಮುಖಕ್ಕಿಂತ ಎಷ್ಟೋ ಬೇಗ ನೀರು ಎಳೆಯುತ್ತದೆ. ನೆಲಕ್ಕೆ ತಾಗಿದ ಅಂಚಿಗಂತೂ ನೀರು ಕುಡಿಯುವುದೇ ಕೆಲಸ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಿಮ್ಮ ಕಡೆ ನೀರು ಬಾರದಂತೆ ಪೂರ್ತಿ ತಡೆಯುವುದು ಆಗದ ಮಾತು. ಬಂದ ನೀರು ಇಳಿದುಹೋಗಬೇಕು, ಅಡಿಯಲ್ಲಿ ಗಾಳಿ ಓಡಾಡಬೇಕು, ಕೆಟ್ಟ ಹಲಗೆಯನ್ನು ಕಳಚಿ ಬದಲಿಸಲು ಬರಬೇಕು. ಕೆಳಗಿನ ಅಳತೆಗಳೆಲ್ಲ ಈ ಮೂರರ ಸುತ್ತಲೇ ಇವೆ.

ಟರ್ಪಾಲಿನ ವಿಷಯದಲ್ಲಿ ನಿಮ್ಮ ಬಡಗಿಯ ಮಾತು ಕೇಳಬೇಡಿ. ರ‍್ಯಾಂಪಿನ ಮೈಗೆ ಅಂಟಿಕೊಂಡಂತೆ ಟರ್ಪಾಲು ಹೊದಿಸಿದರೆ ನೆಲದಿಂದ ಏಳುವ ಹಬೆ ಅದರ ಒಳಮೈಯಲ್ಲಿ ಹನಿಗಟ್ಟಿ ಹಲಗೆಗೇ ಇಳಿಯುತ್ತದೆ. ಬಾಗಿನ ನಡುವೆ ಟರ್ಪಾಲು ಜೋತು ಕೆರೆ ಕಟ್ಟುತ್ತದೆ, ಒಂದು ತೂತಾದರೆ ಅಷ್ಟೂ ನೀರು ಒಳಗೆ. ಹತ್ತು ದಿನ ಬಿಟ್ಟು ತೆಗೆದು ನೋಡಿದರೆ ಬೂಸು. ಬಯಲಲ್ಲಿ ಬಿಟ್ಟ ರ‍್ಯಾಂಪು ಮಳೆಯ ನಡುವೆ ಸಿಕ್ಕ ಎರಡು ಬಿಸಿಲಿಗಾದರೂ ಒಣಗುತ್ತದೆ. ಟರ್ಪಾಲಿನಡಿಯದು ಒಣಗುವುದೇ ಇಲ್ಲ.

ಇದಕ್ಕಿಂತ ಒಳ್ಳೆಯ ಉಪಾಯ ಬಹುಶಃ ನಿಮ್ಮ ಕಣ್ಣೆದುರೇ ಇದೆ. ಅಡಿಕೆ ಒಣಗಿಸಲು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ನಿಲ್ಲಿಸಿ 200 ಮೈಕ್ರಾನಿನ ಯುವಿ ಶೀಟು ಹೊದಿಸುವ ಚಪ್ಪರವನ್ನು ನಿಮ್ಮ ಊರಿನ ಫ್ಯಾಬ್ರಿಕೇಶನ್ ಅಂಗಡಿಯವರು ಕಣ್ಣು ಮುಚ್ಚಿ ಕಟ್ಟುತ್ತಾರೆ. ರ‍್ಯಾಂಪಿಗೂ ಅದೇ ಸಾಕು, ಎರಡು ಬದಲಾವಣೆಯೊಂದಿಗೆ. ಒಂದು, ನಾಲ್ಕು ಬದಿಯೂ ತೆರೆದಿರಬೇಕು, ಇಲ್ಲವಾದರೆ ಒಳಗೆ ಅಡಿಕೆಯ ಜೊತೆ ಮಗಳೂ ಒಣಗುತ್ತಾಳೆ. ಎರಡು, ಎತ್ತರ. ಬಾಗು ಮುಗಿಯುವಲ್ಲಿನ ಕಟ್ಟೆಯ ಮೇಲೆ ನಿಂತವರ ತಲೆಗೆ ಪೈಪು ತಾಗಬಾರದು, ಹಾಗಾಗಿ ಅತಿ ತಗ್ಗಿನ ಕಡೆಯೂ ನೆಲದಿಂದ 12 ಅಡಿ ಬೇಕು. ಎರಚಲು ತಡೆಯಲು ಪ್ರತಿ ಬದಿಗೆ ರ‍್ಯಾಂಪಿನಾಚೆ 3 ಅಡಿ ಚಾಚಿರಲಿ. ಖರ್ಚು ಮಿತಿಯಲ್ಲಿದ್ದರೆ ರ‍್ಯಾಂಪಿನ ಅಗಲ ಕಡಿಮೆ ಮಾಡಿ, ಚಾವಣಿ ಮಾತ್ರ ಬಿಡಬೇಡಿ.

ಈಗ ಅಳತೆ. 12 ವರ್ಷದವಳಿಗೆ, ಬೆಳೆದ ಮೇಲೂ ಬೇಸರ ಬಾರದ ಹಾಗೆ, 3 ಅಡಿ ಎತ್ತರ ಸರಿ. ಬಾಗಿನ ತ್ರಿಜ್ಯ 6.5 ಅಡಿ. ತ್ರಿಜ್ಯ ಇದಕ್ಕಿಂತ ಕಡಿಮೆಯಾದರೆ ಬಾಗು ತಟ್ಟನೆ ಏಳುತ್ತದೆ, ಕಲಿಯುವವರು ಹಿಮ್ಮುಖವಾಗಿ ಬೀಳುವುದು ಅಲ್ಲೇ. 8 ಅಡಿ ದಾಟಿದರೆ ಬರೀ ಇಳಿಜಾರು, ಮೇಲೆ ಹೋಗಿ ತಿರುಗಲು ಬಲ ಸಿಗುವುದಿಲ್ಲ. ಈ ಎತ್ತರಕ್ಕೆ ಈ ತ್ರಿಜ್ಯದಲ್ಲಿ ಬಾಗು ನೆಲದ ಮೇಲೆ ಆವರಿಸುವ ಉದ್ದ 5 ಅಡಿ 6 ಇಂಚು, ಹಲಗೆಯ ಉದ್ದ 6 ಅಡಿ 6 ಇಂಚು, ತುದಿಯಲ್ಲಿ ಸುಮಾರು 57 ಡಿಗ್ರಿ ಕೋನ. ನಡುವಿನ ಸಮತಟ್ಟು 8 ಅಡಿ, ಎರಡೂ ತುದಿಗೆ ನಿಲ್ಲುವ ಕಟ್ಟೆ 4 ಅಡಿ. ಒಟ್ಟು ಉದ್ದ 27 ಅಡಿ, ಅಗಲ 8 ಅಡಿ. ಅಗಲವನ್ನು 8 ಎಂದಿಟ್ಟಿದ್ದಕ್ಕೆ ಕಾರಣ ಪ್ಲೈವುಡ್ ಹಲಗೆಯೇ: 8×4 ಅಡಿಯ ಹಲಗೆಯನ್ನು ಅಡ್ಡಕ್ಕೆ ಹಾಸಿದರೆ ಉದ್ದದ ಕಡೆ ಕೊಯ್ಯುವುದೇ ಬೇಡ.

ಚೌಕಟ್ಟು ಯಾವುದರದು? ಉತ್ತರ ಅಮೆರಿಕದಲ್ಲಿ ಒತ್ತಡದಲ್ಲಿ ಔಷಧಿ ತುಂಬಿಸಿದ ಪೈನ್ ಮರದ ತುಂಡುಗಳು ಊರೂರಿನ ಅಂಗಡಿಯಲ್ಲಿ ಸಿಗುವುದರಿಂದ ಅಲ್ಲಿಯವರು ಮರ ಬಳಸುತ್ತಾರೆ. ಅಂತರ್ಜಾಲದಲ್ಲಿ ಸಿಗುವ ನಕ್ಷೆಗಳೆಲ್ಲ ಆ ಲೆಕ್ಕದವು. ನಮ್ಮಲ್ಲಿ ಅಂಥ ಮರ ಸುಲಭಕ್ಕೆ ಸಿಗದು. ರಬ್ಬರ್ ಮರ ಹೊರಗೆ ಒಂದು ವರ್ಷ ನಿಲ್ಲುವುದಿಲ್ಲ. ಅಡಿಕೆ ದಬ್ಬೆ ಸ್ಕ್ರೂ ಹಿಡಿಯುವುದಿಲ್ಲ, ಸೀಳುತ್ತದೆ. ಹೆಬ್ಬಲಸು ಮರದ ತಿರುಳು ಬಾಳುತ್ತದೆ, ಆದರೆ ಅದನ್ನು ರ‍್ಯಾಂಪಿನಡಿ ಹಾಕಲು ಯಾರಿಗೂ ಮನಸ್ಸು ಬರಲಿಕ್ಕಿಲ್ಲ. ಗೆದ್ದಲಿನ ಕಾಟ ಬೇರೆ. ಹಾಗಾಗಿ ಚೌಕಟ್ಟು ಜಿಐ ಪೈಪಿನದು, ಹಾಸು ಪ್ಲೈವುಡ್‌ನದು. ಬಡಗಿಯ ಕೆಲಸ ಹಲಗೆ ಹಾಸುವಲ್ಲಿಂದ ಶುರುವಾಗಲಿ.

ಬಾಗಿದ ಪಕ್ಕೆಲುಬುಗಳಿಗೆ 40×40×2 ಮಿ.ಮೀ. ಚೌಕ ಪೈಪು, 2 ಅಡಿಗೊಂದರಂತೆ ಪ್ರತಿ ಬದಿಗೆ 5. ಚಪ್ಪರದ ಕಮಾನು ಬಾಗಿಸುವ ಯಂತ್ರದಲ್ಲೇ ಇವನ್ನೂ ಬಾಗಿಸಬಹುದು. ಹೆಚ್ಚಿನವರು ತಪ್ಪುವುದು ಇಲ್ಲೇ: ಪೈಪನ್ನು 6.5 ಅಡಿ, ಅಂದರೆ 1,981 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿಬಿಡುತ್ತಾರೆ. ಅದರ ಮೇಲೆ 50 ಮಿ.ಮೀ.ನ ಅಡ್ಡ ಪೈಪು, 21 ಮಿ.ಮೀ. ಪ್ಲೈ ಕೂತ ಮೇಲೆ ಗಾಲಿ ಓಡುವ ಮೈಯ ತ್ರಿಜ್ಯ ಅಷ್ಟೂ ಕಡಿಮೆಯಾಗಿರುತ್ತದೆ. ಪಕ್ಕೆಲುಬಿನ ಒಳಮೈ 2,052 ಮಿ.ಮೀ. ಇರಬೇಕು. ಯಂತ್ರದಿಂದ ಬಂದ ಪೈಪನ್ನು ಹಾಗೇ ನಂಬಬೇಡಿ. ಸಿಮೆಂಟಿನ ಅಂಗಳದಲ್ಲಿ ಒಂದು ಮೊಳೆ ಹೊಡೆದು, ಬಿಗಿಯಾದ ಕಬ್ಬಿಣದ ಪಟ್ಟಿಯಿಂದ ಅದೇ ತ್ರಿಜ್ಯದ ಕಮಾನು ಗೀಚಿ, ಹತ್ತೂ ಪೈಪನ್ನು ಅದರ ಮೇಲಿಟ್ಟು ನೋಡಿ. ದಾರ ಹಿಗ್ಗುತ್ತದೆ, ಅದರಿಂದ ಗೀಚಬೇಡಿ. ಯಂತ್ರ ಪೈಪಿನ ಎರಡೂ ತುದಿಯನ್ನು ಒಂದೊಂದು ಅಡಿ ನೆಟ್ಟಗೇ ಬಿಡುತ್ತದೆ. 20 ಅಡಿಯ ಪೈಪನ್ನು ಎರಡು ಮಾಡಿ ಬಾಗಿಸಿ, ನೆಟ್ಟಗಿನ ತುದಿಗಳನ್ನು ಕತ್ತರಿಸಿದರೂ ಬೇಕಾದ ಉದ್ದ ಉಳಿಯುತ್ತದೆ.

ಪಕ್ಕೆಲುಬುಗಳ ಮೇಲೆ 50×25×2 ಮಿ.ಮೀ. ಪೈಪುಗಳನ್ನು 50ರ ಬದಿ ನಿಲ್ಲಿಸಿ ಅಡ್ಡಲಾಗಿ ವೆಲ್ಡ್ ಮಾಡಬೇಕು. ಬಾಗಿನಲ್ಲಿ 8 ಇಂಚಿಗೊಂದು, ಸಮತಟ್ಟಿನಲ್ಲಿ ಮತ್ತು ಕಟ್ಟೆಯಲ್ಲಿ 12 ಇಂಚಿಗೊಂದು, ಒಟ್ಟು 39. ಬಾಗಿನಲ್ಲೂ 12 ಇಂಚು ಬಿಟ್ಟರೆ ಹಲಗೆ ಪೈಪಿನ ನಡುವೆ ನೆಟ್ಟಗಾಗಲು ಎಳೆಯುತ್ತದೆ, ಗಾಲಿಗೆ ಏರಿಳಿತ ಗೊತ್ತಾಗುತ್ತದೆ. 20 ಅಡಿಯ ಒಂದು ಪೈಪಿಗೆ 8 ಅಡಿಯ ಎರಡು ತುಂಡು, ಉಳಿಯುವುದು 4 ಅಡಿ. ಆ 4 ಅಡಿಯ 20 ತುಂಡುಗಳೇ ಎರಡೂ ಕಟ್ಟೆಯ ಕಾಲುಗಳಿಗೆ ಸರಿಯಾಗಿ ಸಾಕು. ಕೆಳಗಿನ ಅಡ್ಡ ತೊಲೆ, ಓರೆ ಬಿಗಿಪಟ್ಟಿ ಎಲ್ಲ ಸೇರಿಸಿದರೆ 40×40ರ 20 ಉದ್ದ, 50×25ರ 20 ಉದ್ದ, ಸುಮಾರು 550 ಕೆ.ಜಿ. ಕಬ್ಬಿಣ. ಎರಡು ಬಾಗು ಮತ್ತು ನಡುವಿನ ಸಮತಟ್ಟನ್ನು ಬೇರೆ ಬೇರೆ ಮಾಡಿಸಿ 10 ಮಿ.ಮೀ. ಬೋಲ್ಟಿನಿಂದ ಜೋಡಿಸಿ. ಅಂಗಡಿಯಿಂದ ಪಿಕಪ್‌ನಲ್ಲಿ ತರಲೂ ಸುಲಭ, ಮುಂದೆ ಜಾಗ ಬದಲಿಸಲೂ ಸುಲಭ.

ಜಿಐ ಪೈಪು ತುಕ್ಕು ಹಿಡಿಯುವುದು ವೆಲ್ಡ್ ಮಾಡಿದಲ್ಲಿ, ಮತ್ತೆ ಒಳಗಿನಿಂದ. ವೆಲ್ಡಿನ ಸುತ್ತ ಸತು ಸುಟ್ಟುಹೋಗಿರುತ್ತದೆ. ಕಿಟ್ಟ ಕೆರೆದು ಸತು ತುಂಬಿದ ಪ್ರೈಮರನ್ನು ಎರಡು ಕೈ ಬಳಿಯಬೇಕು. ಅಂಗಡಿಯವರು ಅದರ ಮೇಲೆ ಬೆಳ್ಳಿ ಬಣ್ಣ ಹಚ್ಚಿ ಕೊಟ್ಟರೆ ಒಪ್ಪಬೇಡಿ, ಬೆಳ್ಳಿ ಬಣ್ಣ ಬೇರೆ, ಸತುವಿನ ಪ್ರೈಮರ್ ಬೇರೆ. ತೆರೆದ ತುದಿಗಳನ್ನೆಲ್ಲ ಮುಚ್ಚಿಸಿ, ಆದರೆ ಪ್ರತಿ ಪೈಪಿನ ಅತಿ ತಗ್ಗಿನ ಜಾಗದಲ್ಲಿ 6 ಮಿ.ಮೀ. ತೂತು ಇರಲಿ. ಪೂರ್ತಿ ಮುಚ್ಚಿದ ಪೈಪಿಗೂ ಸ್ಕ್ರೂ ತೂತಿನಿಂದ ನೀರು ಇಳಿಯುತ್ತದೆ, ಇಳಿದದ್ದು ಹೊರಬರಬೇಕಲ್ಲ. ಸತುವಿನ ಪೈಪು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಜ್ವರ ತರಿಸುವಂಥದ್ದು, ಆ ಕೆಲಸ ಬಯಲಲ್ಲೇ ಆಗಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನ ರ‍್ಯಾಂಪಿನ ಮೇಲೆ ಹನಿ ಬಿದ್ದರೆ ಆವತ್ತೇ ತೊಳೆಯಿರಿ. ತಾಮ್ರ ತಾಗಿದ ಸತುವಿನ ಲೇಪ ಬೇಗ ತಿಂದುಹೋಗುತ್ತದೆ.

ಬುನಾದಿಗೆ ಕಾಂಕ್ರೀಟು ಹಾಸು ಬೇಡ. ಮೇಲಿನ ಸಡಿಲ ಮಣ್ಣು ತೆಗೆದು, 4 ಇಂಚು ದಪ್ಪ 20 ಮಿ.ಮೀ. ಜಲ್ಲಿ ಹಾಕಿ ದಮ್ಮಸು ಮಾಡಿ, ಮೇಲೆ 8 ಇಂಚು ಎತ್ತರದ ಗಟ್ಟಿ ಸಿಮೆಂಟ್ ಬ್ಲಾಕು. ಉದ್ದಕ್ಕೆ 7 ಸಾಲು, ಸಾಲಿಗೆ 3, ಒಟ್ಟು 21. ಮುರಕಲ್ಲು ನಿಮ್ಮಲ್ಲಿ ಅಗ್ಗ ನಿಜ, ಆದರೆ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಗೆದ್ದಲಿಗೆ ಅದರ ತೂತುಗಳಲ್ಲಿ ಮರೆಯಲ್ಲೇ ಹತ್ತಲು ದಾರಿ ಸಿಗುತ್ತದೆ. ನುಣುಪಾದ ಬ್ಲಾಕಿನ ಮೇಲೆ ಗೆದ್ದಲು ಮಣ್ಣಿನ ಗೆರೆ ಎಳೆದರೆ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಿದರೆ ಮುಗಿಯಿತು. ಮಟ್ಟ ನೋಡಲು ಗಾರೆಯವರ ನೀರಿನ ಲೆವೆಲ್ ಪೈಪೇ ಸಾಕು. ಉದ್ದಕ್ಕೆ ಪೂರ್ತಿ ಮಟ್ಟ. ಅಗಲಕ್ಕೆ ಮಾತ್ರ 8 ಅಡಿಗೆ 12 ಮಿ.ಮೀ. ಇಳುಕಲು ಕೊಡಿ. ಓಡಿಸುವವರಿಗೆ ಅದು ತಿಳಿಯುವುದೂ ಇಲ್ಲ, ಆದರೆ ಸಮತಟ್ಟಿನಲ್ಲಿ ಎರಚಲಿನ ನೀರು ನಿಲ್ಲುವುದಿಲ್ಲ. ಚೌಕಟ್ಟು ಕೂರಿಸಿದ ಮೇಲೆ ಎರಡೂ ಕರ್ಣ ಅಳೆಯಿರಿ: 28 ಅಡಿ 2 ಇಂಚು, ಎರಡೂ ಒಂದೇ ಬರಬೇಕು. ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲೇ ಸರಿಮಾಡಿ, ಇಲ್ಲವಾದರೆ ಹಲಗೆ ಹಾಸುತ್ತ ಹೋದಂತೆ ಸಂದು ಬಾಯಿಬಿಡುತ್ತದೆ. ಈ 8 ಇಂಚಿನ ಎಡೆ ಗಾಳಿಗೆ ಒಳ್ಳೆಯದು, ಇಲಿಗೂ ಒಳ್ಳೆಯದು, ಇಲಿಯ ಹಿಂದೆ ಹಾವಿಗೂ. ಬದಿಗಳಿಗೆ ತಗಡು ಹೊಡೆದು ಮುಚ್ಚದೆ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಹಾಕಿ, ಒಂದು ಕಡೆ ತೆರೆಯುವಂತೆ ಇಟ್ಟುಕೊಳ್ಳಿ.

ಹಲಗೆಗೆ ಬರೋಣ. ಅಡಿಪದರಕ್ಕೆ 9 ಮಿ.ಮೀ. ಐಎಸ್ 710 ಪ್ಲೈ 6 ಹಲಗೆ. ಮೇಲ್ಪದರಕ್ಕೆ 12 ಮಿ.ಮೀ. ಫಿಲ್ಮ್ ಹಾಕಿದ ಸೆಂಟ್ರಿಂಗ್ ಪ್ಲೈ 6 ಹಲಗೆ, ಐಎಸ್ 4990 ಮುದ್ರೆಯದು. ಕಟ್ಟೆಗೆ ಅದೇ ಸೆಂಟ್ರಿಂಗ್ ಪ್ಲೈ 18 ಮಿ.ಮೀ.ನದು 2 ಹಲಗೆ. ಸ್ಕೇಟ್‌ಲೈಟ್ ಎಂಬ ಕಾಗದ ಮತ್ತು ರಾಳದ ಗಟ್ಟಿ ಹಲಗೆ ಇದಕ್ಕೆಂದೇ ಬರುತ್ತದೆ, ಇದಕ್ಕಿಂತ ಬಾಳುತ್ತದೆ, ಆದರೆ ಹೊರದೇಶದಿಂದ ತರಿಸಬೇಕು. ಸೆಂಟ್ರಿಂಗ್ ಪ್ಲೈ ಸ್ಲ್ಯಾಬ್ ಹಾಕುವ ಪ್ರತಿ ಊರಲ್ಲೂ ಸಿಗುತ್ತದೆ, ಕೆಟ್ಟರೆ ಒಂದೇ ಹಲಗೆ ಬದಲಿಸಬಹುದು. 2 ಮಿ.ಮೀ. ಉಕ್ಕಿನ ತಗಡು ಹಾಕಿಸಿ ಎನ್ನುವವರು ಸಿಗುತ್ತಾರೆ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಅಂಗೈ ಊರಿ ಬಿದ್ದವರ ಪಾಡು ಹೇಳಬೇಕಿಲ್ಲ, ಸದ್ದಂತೂ ಪಕ್ಕದ ತೋಟಕ್ಕೂ ಕೇಳುತ್ತದೆ.

ಪ್ಲೈ ಬಾಗುವುದಕ್ಕೆ ಒಂದು ನಿಯಮವಿದೆ. ಮೇಲ್ಪದರದ ಮರದ ಎಳೆಗೆ ಅಡ್ಡವಾಗಿ ಬಾಗಿಸಿದರೆ 9 ಮಿ.ಮೀ. ಹಲಗೆ 3 ಅಡಿ ತ್ರಿಜ್ಯದವರೆಗೆ, 12 ಮಿ.ಮೀ.ನದು 6 ಅಡಿಯವರೆಗೆ ಬಾಗುತ್ತದೆ. ಎಳೆಯ ಉದ್ದಕ್ಕೆ ಬಾಗಿಸಿದರೆ 9ಕ್ಕೆ 8 ಅಡಿ, 12ಕ್ಕೆ 12 ಅಡಿ ತ್ರಿಜ್ಯ ಬೇಕು. ನಿಮ್ಮದು 6.5. ಅಂದರೆ ಎಳೆ ರ‍್ಯಾಂಪಿನ ಅಗಲಕ್ಕೆ ಇದ್ದರೆ ಎರಡೂ ದಪ್ಪ ಬಾಗುತ್ತವೆ, ತಿರುಗಿಸಿ ಹಾಕಿದರೆ ಎರಡೂ ಸೀಳುತ್ತವೆ. ಸೆಂಟ್ರಿಂಗ್ ಪ್ಲೈನಲ್ಲಿ ಕಪ್ಪು ಫಿಲ್ಮ್ ಎಳೆಯನ್ನು ಮುಚ್ಚಿರುವುದರಿಂದ ಅಂಗಡಿಯಲ್ಲೇ ಎರಡು ಇಟ್ಟಿಗೆಯ ಮೇಲೆ ಹಲಗೆ ಇಟ್ಟು ಎರಡೂ ದಿಕ್ಕಿಗೆ ಒತ್ತಿ ನೋಡಿ. 4 ಅಡಿಯ ಕಡೆ ಸುಲಭವಾಗಿ ಬಾಗುವ ಹಲಗೆಯನ್ನಷ್ಟೇ ಆರಿಸಿ.

ಹಾಸುವ ಮೊದಲು ಪ್ರತಿ ಹಲಗೆಯನ್ನು ಅಳತೆಗೆ ಕೊಯ್ದು ಅಂಚುಗಳಿಗೆ ಎಪಾಕ್ಸಿ ರಾಳ ಎರಡು ಕೈ ಬಳಿಯಿರಿ. ಮೊದಲ ಕೈಯನ್ನು ಮರ ಪೂರ್ತಿ ಹೀರಿಬಿಡುತ್ತದೆ, ಎರಡನೆಯದು ನಿಲ್ಲುತ್ತದೆ. 9 ಮಿ.ಮೀ. ಪ್ಲೈಗೆ ಎರಡೂ ಮುಖಕ್ಕೂ ಹೊರಾಂಗಣದ ಎನಾಮಲ್ ಬಣ್ಣ. ನಿಮ್ಮ ಕಡೆ ಮರಕ್ಕೆ ಹಚ್ಚುವ ಗೇರೆಣ್ಣೆಯನ್ನು ಅಡಿಮೈಗೆ ಬಳಸಬಹುದು, ಹುಳ ಮುಟ್ಟುವುದಿಲ್ಲ. ಒಣಗುವುದು ನಿಧಾನ, ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಆದ್ದರಿಂದ ಮೇಲ್ಮೈಗಂತೂ ಬೇಡವೇ ಬೇಡ. ಎರಡು ಪದರದ ನಡುವೆ ಅಂಟಾಗಲಿ ಪ್ಲಾಸ್ಟಿಕ್ ಹಾಳೆಯಾಗಲಿ ಹಾಕಬೇಡಿ. ಅಂಟು ಹಾಕಿದರೆ ಮುಂದೆ ಒಂದನ್ನು ಬಿಚ್ಚಲು ಎರಡನ್ನೂ ಒಡೆಯಬೇಕು. ಪ್ಲಾಸ್ಟಿಕ್ ಹಾಕಿದರೆ ಸ್ಕ್ರೂ ತೂತಿನಿಂದ ಇಳಿದ ನೀರು ಅದರ ಮೇಲೆ ಕೂತೇ ಇರುತ್ತದೆ.

ಅಡಿಪದರದ ಮೊದಲ ಹಲಗೆಯ ನಡುಗೆರೆ ಸಮತಟ್ಟಿನ ನಡುಗೆರೆಯ ಮೇಲೆ ಬರಲಿ. ಆಗ ಅದರ ಸಂದುಗಳು ನಡುವಿನಿಂದ 2, 6, 10 ಅಡಿಗೆ ಬೀಳುತ್ತವೆ. ಮೇಲ್ಪದರದಲ್ಲಿ ಸಂದೇ ನಡುಗೆರೆಯಲ್ಲಿ ಇರಲಿ, ಮುಂದಿನವು 4 ಮತ್ತು 8 ಅಡಿಗೆ ಬರುತ್ತವೆ. ಉಲ್ಟಾ ಮಾಡಿದರೆ ಅತಿ ಹೆಚ್ಚು ಪೆಟ್ಟು ಬೀಳುವ ಮೇಲ್ತುದಿಯಲ್ಲಿ 6 ಇಂಚಿನ ಒಂದು ಚೂರು ಹಲಗೆ ಕೂರುತ್ತದೆ, ಅದು ಮೊದಲು ಏಳುತ್ತದೆ. ಎಲ್ಲ ಸಂದಿಗೂ 3 ಮಿ.ಮೀ. ಬಿಡಿ. ಕೆಳಗಿನಿಂದ ಸ್ಕ್ರೂ ಹಾಕುತ್ತ ಮೇಲೇರಬೇಕು. ಮೇಲಿನಿಂದ ಶುರುಮಾಡಿದರೆ ಬುಡದಲ್ಲಿ ಹಲಗೆ ಪೈಪಿನಿಂದ ಎದ್ದು ಟೊಳ್ಳಾಗುತ್ತದೆ. 12 ಮಿ.ಮೀ. ಹಲಗೆ ಮೊಂಡು ಹಿಡಿದರೆ ಲಾರಿಯ ಸರಕು ಬಿಗಿಯುವ ಬೆಲ್ಟಿನಿಂದ ಬಾಗಿಗೆ ಎಳೆದು ಕಟ್ಟಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಸ್ಕ್ರೂ ಹಾಕಿ.

ಸ್ಕ್ರೂ ಎಂದರೆ ಅಂಗಡಿಯವರು ಕಪ್ಪು ಜಿಪ್ಸಮ್ ಸ್ಕ್ರೂ ಕೊಡುತ್ತಾರೆ. ಅದು ಒಳಾಂಗಣಕ್ಕೆ, ಇಲ್ಲಿ ಒಂದು ಮಳೆಗಾಲಕ್ಕೆ ತುಕ್ಕು, ಮೇಲಿಂದ ಪೆಟ್ಟು ಬಿದ್ದರೆ ತಲೆಯೇ ಹಾರುತ್ತದೆ. ಸ್ಟೇನ್‌ಲೆಸ್ 304ರ ಚಪ್ಪಟೆ ತಲೆಯ 8ನೇ ನಂಬರ್ ಸ್ಕ್ರೂ ಕೇಳಿ: ಅಡಿಪದರಕ್ಕೆ 25 ಮಿ.ಮೀ., ಮೇಲಿನದಕ್ಕೆ 38 ಮಿ.ಮೀ., ಒಟ್ಟು 800ರಷ್ಟು. ಸ್ಟೇನ್‌ಲೆಸ್ ಸ್ಕ್ರೂ ತಾನೇ ಕಬ್ಬಿಣ ಕೊರೆಯದು, ಪೈಪಿಗೆ 3.3 ಮಿ.ಮೀ. ಬಿಟ್‌ನಿಂದ ಮೊದಲೇ ತೂತು ಮಾಡಬೇಕು. ಮೇಲಿನ ಹಲಗೆಯಲ್ಲಿ ತೂತು 5 ಮಿ.ಮೀ. ಇರಲಿ, ಹಲಗೆ ಉಬ್ಬಿ ಕುಗ್ಗಲು ಎಡೆ ಸಿಗುತ್ತದೆ. ತಲೆ ಮೈಗಿಂತ ಅರ್ಧ ಮಿ.ಮೀ. ಒಳಗೆ, ಅದಕ್ಕಿಂತ ಆಳಕ್ಕೆ ಬೇಡ. ಆಳಕ್ಕೆ ಹೋದರೆ ಫಿಲ್ಮ್ ಹರಿದು ಪ್ರತಿ ಸ್ಕ್ರೂ ಒಂದು ಪುಟ್ಟ ಬಾವಿಯಾಗುತ್ತದೆ.

ಬಾಗಿನ ನೆತ್ತಿಯಲ್ಲಿ ಕೋಪಿಂಗ್ ಪೈಪು, ಅಂದರೆ ಬಾಗು ಮತ್ತು ಕಟ್ಟೆ ಸೇರುವ ಅಂಚಿನ ಪೈಪು: 50 ಮಿ.ಮೀ. ಬೋರಿನ ಜಿಐ ಪೈಪು, ಹೊರ ಅಳತೆ 60.3 ಮಿ.ಮೀ., 8 ಅಡಿಯ ಎರಡು ತುಂಡು. ಇಡೀ ರ‍್ಯಾಂಪಿನಲ್ಲಿ ಮಿಲಿಮೀಟರ್ ಲೆಕ್ಕ ನಿಜವಾಗಿ ಮುಖ್ಯವಾಗುವುದು ಇಲ್ಲಿ. ಪೈಪು ಕಟ್ಟೆಯ ಹಲಗೆಗಿಂತ 8 ಮಿ.ಮೀ. ಮೇಲೆ, ಬಾಗಿನ ಹಲಗೆಗಿಂತ 8 ಮಿ.ಮೀ. ಮುಂದೆ ಇರಬೇಕು. ಕಡಿಮೆಯಾದರೆ ಬೋರ್ಡಿನ ಟ್ರಕ್ (ಗಾಲಿಗಳ ಲೋಹದ ಅಚ್ಚು) ಅಲ್ಲಿ ಕಚ್ಚುವುದೇ ಇಲ್ಲ. 12 ದಾಟಿದರೆ ಕೆಳಗಿಳಿಯುವಾಗ ಹಿಂದಿನ ಗಾಲಿ ಸಿಕ್ಕಿಕೊಂಡು ಮುಖ ಅಡಿಯಾಗಿ ಬೀಳಿಸುತ್ತದೆ. ಹಲಗೆ ಹಾಸುವ ಮೊದಲೇ ವೆಲ್ಡ್ ಮಾಡುವುದರಿಂದ ಹಲಗೆಯ ದಪ್ಪ ಸೇರಿಸಿಕೊಳ್ಳಬೇಕು: ಕಟ್ಟೆಯ ಅಡ್ಡ ಪೈಪಿನ ಮೇಲ್ಮೈಯಿಂದ 26 ಮಿ.ಮೀ. ಮೇಲೆ, ಬಾಗಿನ ಅಡ್ಡ ಪೈಪಿನ ಮೈಯಿಂದ 29 ಮಿ.ಮೀ. ಮುಂದೆ. ಹಲಗೆಯ ಚೂರುಗಳನ್ನು ಇಟ್ಟು, ಪೈಪನ್ನು ಚುಕ್ಕಿ ವೆಲ್ಡಿನಲ್ಲಿ ನಿಲ್ಲಿಸಿ, ಸ್ಕೇಲು ಹಿಡಿದು ನೋಡಿದ ಮೇಲೆಯೇ ಪೂರ್ತಿ ವೆಲ್ಡ್. ಪೈಪಿನ ಎರಡೂ ತುದಿ ಮುಚ್ಚಿರಲಿ, ತಗ್ಗಿನ ತುದಿಯ ಕೆಳಮೈಯಲ್ಲಿ ಒಂದು ತೂತಿರಲಿ.

ಕಟ್ಟೆ ನೆಲದಿಂದ ಸುಮಾರು 4 ಅಡಿ ಎತ್ತರಕ್ಕೆ ಬರುತ್ತದೆ. ಹಿಂಬದಿಗೆ ಮತ್ತು ಎರಡು ಪಕ್ಕಕ್ಕೆ ಮೂರೂವರೆ ಅಡಿಯ ರೇಲಿಂಗ್ ಬೇಕು, ಹತ್ತಲು ಹಿಂದಿನಿಂದ ಮೆಟ್ಟಿಲು. ಹೆಲ್ಮೆಟ್, ಮೊಣಕಾಲಿನ ಗಟ್ಟಿ ಪ್ಯಾಡು, ಮಣಿಕಟ್ಟಿನ ಪಟ್ಟಿ ಇಲ್ಲದೆ ಹತ್ತಲು ಬಿಡಬೇಡಿ. ಫಿಲ್ಮ್ ಹೊಸದಿರುವಾಗ ಜಾರುತ್ತದೆ, ಮೊದಲ ಎರಡು ವಾರ ಮೆಲ್ಲಗೆ ಓಡಿಸಲಿ.

ಇನ್ನು ಜೋಪಾನ. ದಿನಾ ಹತ್ತುವ ಮೊದಲು ಗುಡಿಸುವುದೇ ದೊಡ್ಡ ಕೆಲಸ, ಏಕೆಂದರೆ ಗಾಲಿಯಡಿ ಸಿಕ್ಕ ಮುರಮಣ್ಣು ಮರಳು ಕಾಗದದಂತೆ ಫಿಲ್ಮ್ ಉಜ್ಜುತ್ತದೆ. ಒದ್ದೆ ಇದ್ದಾಗ ಆಟ ಇಲ್ಲ. ಜಾರುವುದು ಒಂದು ಕಾರಣ. ಗಾಲಿಯ ಒತ್ತಡ ನೀರನ್ನು ಸಂದಿನೊಳಕ್ಕೆ ತಳ್ಳುತ್ತದೆ ಎಂಬುದು ಇನ್ನೊಂದು. ತಿಂಗಳಿಗೊಮ್ಮೆ ಎಲ್ಲ ಸ್ಕ್ರೂ ಮುಟ್ಟಿ ನೋಡಿ. ಒಂದೇ ಜಾಗದ ಸ್ಕ್ರೂ ಮತ್ತೆ ಮತ್ತೆ ಸಡಿಲಾದರೆ ಪೈಪಿನ ತೂತು ದೊಡ್ಡದಾಗಿದೆ ಎಂದರ್ಥ, ಒಂದು ಇಂಚು ಪಕ್ಕಕ್ಕೆ ಹೊಸ ತೂತು ಮಾಡಿ, ಹಳೆಯದಕ್ಕೆ ಎಪಾಕ್ಸಿ ತುಂಬಿ. ಪಾಚಿ ಬಂದರೆ ಸಾಬೂನು ನೀರು, ತೆಂಗಿನ ನಾರಿನ ಬ್ರಷ್ ಸಾಕು. ಬ್ಲೀಚಿಂಗ್ ಪುಡಿ ಸ್ಕ್ರೂವನ್ನೂ ಸತುವನ್ನೂ ತಿನ್ನುತ್ತದೆ. ಫಿಲ್ಮ್ ಗೀರಿ ಮರ ಕಂಡಲ್ಲೆಲ್ಲ ಅದೇ ವಾರ ಎಪಾಕ್ಸಿ ಸವರಿ.

ಮೇ ಕೊನೆಯಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಜಾಲರಿ ತೆರೆದು ಟಾರ್ಚ್ ಹಿಡಿದು ಅಡಿಗೆ ನುಗ್ಗಿ. ಮಣ್ಣಿನ ಗೆರೆ, ವೆಲ್ಡಿನ ತುಕ್ಕು, ಮುಚ್ಚಿಹೋದ ತೂತು, ಇವಿಷ್ಟೇ ನೋಡಬೇಕಾದ್ದು. ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದುಕೊಂಡು ಹೋಗಿ: ಒಣ ಹಲಗೆ ಟಣ್ ಎನ್ನುತ್ತದೆ, ನೀರು ಹಿಡಿದದ್ದು ಮಂಕಾಗಿ ಡಬ್ ಎನ್ನುತ್ತದೆ. ಮೊದಲು ಕೆಡುವುದು ಹೆಚ್ಚಾಗಿ ಎರಚಲು ಬೀಳುವ ಪಡುವಣ ಬದಿಯ ಅಂಚು, ಆಮೇಲೆ ಬಾಗು ಸಮತಟ್ಟಿಗೆ ಸೇರುವ ಸಂದು. ಆ ಹಲಗೆಯ ಸ್ಕ್ರೂ ಬಿಚ್ಚಿ ಎತ್ತಿ, ಅಡಿಪದರವನ್ನು ಎರಡು ದಿನ ಬಿಸಿಲಿಗೆ ಬಿಟ್ಟು, ಗಟ್ಟಿಯಿದ್ದರೆ ಬಣ್ಣ ಹಚ್ಚಿ ಹೊಸದು ಹಾಕಿ. ಮುಂದೆ ಅದೇ ದಪ್ಪದ ಹಲಗೆ ಸಿಗದೆ ಸಂದಿನಲ್ಲಿ ಮಿಲಿಮೀಟರಿನ ಮೆಟ್ಟಿಲಾಗುವುದುಂಟು, ಹಾಗಾಗಿ ಈಗಲೇ 12 ಮಿ.ಮೀ.ನ ಎರಡು ಹಲಗೆ ಹೆಚ್ಚಿಗೆ ತಂದು, ಅಂಚಿಗೆ ರಾಳ ಬಳಿದು, ಅಟ್ಟದ ಮೇಲೆ ಮಲಗಿಸಿ ಇಡಿ. ಗೋಡೆಗೆ ಒರಗಿಸಿ ಇಟ್ಟರೆ ಬೇಡದ ಕಡೆಗೆ ಬಾಗಿಕೊಳ್ಳುತ್ತವೆ.